ಪರಂಗಿ ಮರದ ಅಂಚೆಚೀಟಿ

ಮಳವಳ್ಳಿ
ನವೆಂಬರ್ ೧೯೪೬, ಭಾನುವಾರ ಮಧ್ಯಾಹ್ನ

ದೊಡ್ಡವ್ವ ಹೊಂಬಾಳಮ್ಮನಿಗೆ, ಹನ್ನೆರಡು ವರ್ಷದಿಂದ ನಿನ್ನ ಜಗುಲಿಯ ಮೇಲೆ ಕೂತು ಊರವರ ಕಾಗದ ಓದುತ್ತಿರುವ ಅಂಚೆ ಅಂಕಯ್ಯ ಕಾಲು ಮುಟ್ಟಿ ಬರೆಯುವುದು ಏನೆಂದರೆ,

ಇಷ್ಟು ಬರೆದು ಮೂರು ಸಲ ಎದ್ದು ಹೋದೆ. ಒಮ್ಮೆ ನೀರು ಕುಡಿದೆ. ಒಮ್ಮೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟೆ, ನಿನ್ನೆಯೇ ಬಿಟ್ಟಿದ್ದೆ. ಇನ್ನೊಮ್ಮೆ ಬೀದಿಯ ಕೊನೆಯವರೆಗೆ ಹೋಗಿ, ಯಾಕೆ ಬಂದೆನೆಂದು ತಿಳಿಯದೆ ವಾಪಸ್ಸು ಬಂದೆ. ಹೀಗೆ ಕುಣಿಯುತ್ತಾ ಕೂರಲು ಹೊತ್ತಿಲ್ಲ. ನಾಳೆ ಹನ್ನೊಂದನೆಯ ದಿನ. ನಾಳೆ ನಿನ್ನನ್ನು ನಾಲೆಯ ದಡಕ್ಕೆ ಕರೆದುಕೊಂಡು ಹೋಗಿ ಬಳೆ ಒಡೆಯುತ್ತಾರೆ. ಅದಕ್ಕೇ ಮೊದಲು ಹೇಳಿಬಿಡುತ್ತೇನೆ: ನಿನ್ನ ಗಂಡ ಮರಿಸಿದ್ದಯ್ಯನವರು ಸತ್ತರೆಂದು ಯಾವ ಕಾಗದವೂ ಬಂದಿಲ್ಲ ದೊಡ್ಡವ್ವ. ಆ ಸುದ್ದಿ ಹುಟ್ಟಿಸಿದ್ದು ನನ್ನ ಕತ್ತರಿ.

ನಿಧಾನವಾಗಿ ಹೇಳುತ್ತೇನೆ, ಕೇಳು.

ಅವರು ಹೋದ ಕಥೆಯನ್ನು ನೀನೇ ನನಗೆ ಎಷ್ಟು ಸಲ ಹೇಳಿದ್ದೀಯ. ಮದುವೆಯಾಗಿ ಒಂದು ವರ್ಷ ತುಂಬಿತ್ತಷ್ಟೆ, ಯಾರೋ ದಲ್ಲಾಳಿಯ ಮಾತು ನಂಬಿ, ಮದರಾಸಿನಲ್ಲಿ ಹಡಗು ಹತ್ತಿ, ಫಿಜಿ ದ್ವೀಪದ ಕಬ್ಬಿನ ತೋಟಕ್ಕೆ ಹೋದವರು. ಹಿತ್ತಿಲಲ್ಲಿ ಇಷ್ಟೊಂದು ಪರಂಗಿ ಗಿಡ ಯಾಕವ್ವ ಅಂತ ಒಂದು ದಿನ ನಾನು ಕೇಳಿದಾಗ ನೀನು ನಕ್ಕುಬಿಟ್ಟಿದ್ದೆ. "ಓಗೋ ದಿನ ಅಣ್ಣು ತಿಂದು ಬೀಜ ಅಲ್ಲೇ ಉಗುದಿದ್ದ ಕಣ್ಲಾ. ಒಂದ್ ಮರ ಮುದಿಯಾಯ್ತು ಅಂದ್ರೆ ಅದ್ರ ಬೀಜ ಇನ್ನೊಂದ್ ಗುಂಡೀಗೆ ಆಕ್ತೀನಿ. ಐದು ವರ್ಸಕ್ಕೆ ಬತ್ತೀನಿ ಅಂದವ್ನು ಬರ್ನಿಲ್ಲ. ಮರ ಆದ್ರೂ ಇರ್ಲಿ ಬುಡು" ಅಂದಿದ್ದೆ. ಕಾಗದ ಓದಿದ್ದಕ್ಕೆ ಕೂಲಿ ಅಂತ ನನಗೆ ಅದೇ ಹಣ್ಣಿನ ಹೋಳು ಕೊಡುತ್ತಿದ್ದೆ.

ಯುದ್ಧ ಶುರುವಾದ ಮೇಲೆ ಅವರ ಕಾಗದ ನಿಂತುಹೋಯಿತು. ನಾವು ಬರೆದದ್ದು ಎರಡು ಸಲ ವಾಪಸ್ಸು ಬಂತು. ಹಳೆಯ ತೋಟದಲ್ಲಿ ಅವರು ಇರಲಿಲ್ಲ. ಆದರೂ ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ನೀನು ಸೈಕಲ್ಲಿನ ಗಂಟೆಗೆ ಹೊರಗೆ ಬಂದು "ಐತೇನ್ಲಾ?" ಅನ್ನುತ್ತಿದ್ದೆ. ನಾನು "ಇಲ್ಲ ಕಣವ್ವ" ಅನ್ನುತ್ತಿದ್ದೆ. ಏಳು ವರ್ಷ. ಬೇರೆ ಯಾರಾದರೂ ಆಗಿದ್ದರೆ ಗಂಟೆಯ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ನನಗೊಂದು ಚಟವಿದೆ, ನಿನಗೆ ಗೊತ್ತು. ಅಂಚೆಚೀಟಿ ಕೂಡಿಡುವುದು. ದಂಡಿಗೆ ಹೋದವರು ಬರೆದ ಕಾಗದಗಳಿಂದ ಕೇಳಿ ಪಡೆದು ಒಂದು ನೋಟುಬುಕ್ಕು ತುಂಬಿಸಿದ್ದೇನೆ. "ನಿಂಗ್ಯಾರೂ ಕಾಗ್ದ ಬರೆಯಕಿಲ್ವಲ್ಲ, ಅದ್ಕೇ ಕಂಡೋರ ಚೀಟಿ ಮೇಲೆ ಕಣ್ಣು" ಅಂತ ನೀನು ಆಡಿಕೊಳ್ಳುತ್ತಿದ್ದೆ. ನಿಜವೇ ಇರಬೇಕು. ಆದರೆ ಯಾವತ್ತೂ ಕಾಗದ ಕೊಟ್ಟು, ಓದಿ, ಆಮೇಲೆ ಕೇಳಿ ತೆಗೆದುಕೊಂಡವನೇ ಹೊರತು ಕದ್ದವನಲ್ಲ.

ಮೊನ್ನೆಯದಲ್ಲ, ಅದರ ಹಿಂದಿನ ಶುಕ್ರವಾರ ಬೆಳಿಗ್ಗೆ ಚೀಲ ಬಿಚ್ಚಿದರೆ ನಿನ್ನ ಹೆಸರಿನ ದಪ್ಪ ಲಕೋಟೆ! ಅವರದೇ ಅಕ್ಷರ, ಸಾಲು ಮೇಲಕ್ಕೆ ಹತ್ತುವ ಅದೇ ಸೊಟ್ಟ ಬರಹ. ನನ್ನ ಕಣ್ಣು ಮಾತ್ರ ಚೀಟಿಯ ಮೇಲೆ ಬಿತ್ತು. ರಾಜನ ತಲೆ ಒಂದು ಪಕ್ಕಕ್ಕೆ, ನಡುವೆ ಪರಂಗಿ ಮರ. ಕತ್ತಿನ ಸುತ್ತ ಕಾಯಿ ಕಚ್ಚಿಕೊಂಡು ನಿಂತಿರುವ, ನಿನ್ನ ಹಿತ್ತಿಲಿನಂಥದೇ ಮರ. ಅಯ್ಯೋ, ನಮ್ಮಲ್ಲಿ ಕಾಗೆ ತಿಂದು ಬಿಡುವ ಹಣ್ಣಿಗೆ ಇಂಥಾ ಮರ್ಯಾದೆಯೇ ಅಂತ ಹುಚ್ಚು ಹಿಡಿದುಹೋಯಿತು. ಹಿಂದೊಮ್ಮೆ ನಿನ್ನ ಮೈದುನ ಚಿಕ್ಕಬೋರಯ್ಯ ಯಾರದೋ ಕಾಗದದ ಚೆಂದದ ಚೀಟಿಯೊಂದನ್ನು ಕಿತ್ತು ಬೀಡಿ ಕಟ್ಟಿನ ಮೇಲೆ ಅಂಟಿಸಿಕೊಂಡಿದ್ದ. ಇದೂ ಅವನ ಪಾಲಾದರೆ ಎಂದು, ಒಳಗಿನ ಕಾಗದಕ್ಕೆ ತಾಗದ ಹಾಗೆ ಮುದ್ರೆ ಸಮೇತ ಲಕೋಟೆಯ ಮೂಲೆಯನ್ನು ಕತ್ತರಿಸಿ ಜೇಬಿಗೆ ಇಳಿಸಿದೆ.

ಮೂಲೆ! ಸಾವಿನ ಕಾಗದಕ್ಕೆ ಮೂಲೆ ಕತ್ತರಿಸುವುದು, ಶುಭದ ಕಾಗದಕ್ಕೆ ಮೂಲೆಗೆ ಅರಿಶಿನ ಹಚ್ಚುವುದು ನಮ್ಮ ಕಡೆ ಯಾವ ಹೆಬ್ಬೆಟ್ಟಿಗೂ ಗೊತ್ತು. ಅಂಥ ಕಾಗದಗಳನ್ನು ನೂರಾರು ಹಂಚಿದ ನನಗೇ ಹೊಳೆಯಲಿಲ್ಲ. ಜೇಬಿನಲ್ಲಿ ಕದ್ದ ಮಾಲಿತ್ತಲ್ಲ, ನಿನ್ನ ಮುಖ ನೋಡಲು ಧೈರ್ಯ ಬರಲಿಲ್ಲ. ಗದ್ದೆ ಬದುವಿನಲ್ಲಿ ಸಿಕ್ಕಿದ ಚಿಕ್ಕಬೋರಯ್ಯನ ಕೈಗೆ ಕೊಟ್ಟು, "ಫಿಜಿ ಕಾಗ್ದ, ಮಂಗಳವಾರ ಬಂದು ಓದ್ತೀನಿ" ಅಂತ ಸೈಕಲ್ ತುಳಿದೇಬಿಟ್ಟೆ. ಓದು ಬಾರದ ಅವನು ಮೂಲೆ ನೋಡಿದ. ಸೂತಕದ ಕಾಗದ ಹೊಸಲು ದಾಟಬಾರದು ಎಂದು ಅಲ್ಲೇ ಹರಿದು ನಾಲೆಗೆ ಎಸೆದು, ತಲೆಗೆ ನೀರು ಹಾಕಿಕೊಂಡು ಮನೆಗೆ ಬಂದ. ಅವನ ತಪ್ಪಿಲ್ಲ. ಅವನನ್ನು ಬೈಯಬೇಡ.

ಮಂಗಳವಾರ ನಾನು ಬಂದಾಗ ನೀನು ಹೊರಗೆ ಬರಲಿಲ್ಲ. ಗೋಡೆಗೆ ಒರಗಿ ಕೂತಿದ್ದೆ. ನಾನು ಬಾಯಿ ತೆರೆದೆ, ದೊಡ್ಡವ್ವ, ದೇವರಾಣೆಗೂ ತೆರೆದೆ. ನೀನೇ ಮುಂದಾಗಿ ಹೇಳಿದೆ: "ಸೂತಕದ ಮನೆ, ನನ್ ಕೈಯಿಂದ ಅಣ್ಣು ಕೊಡಂಗಿಲ್ಲ ಮಗ. ಮರದಲ್ಲೈತೆ, ನೀನೇ ಕಿತ್ಕೊಂಡು ಓಗು. ನೀನೇನ್ ಮಾಡೀಯೆ, ತಂದ್ಕೊಡೋನು ತಾನೆ." ನಾನು ಹೋಗಿ ಹಣ್ಣು ಕಿತ್ತುಕೊಂಡೆ! ನಾಚಿಕೆಗೆಟ್ಟವನು, ಕಿತ್ತುಕೊಂಡು ಬಂದೆ. ಮೊನ್ನೆ ಶುಕ್ರವಾರವೂ ಬಂದು ಮೂಗನ ಹಾಗೆ ಹೋದೆ. ಆ ಹಣ್ಣು ಇಲ್ಲೇ ಕಿಟಕಿಯಲ್ಲಿ ಕೊಳೆಯುತ್ತಿದೆ. ತಿನ್ನಲಾರೆ, ಎಸೆಯಲಾರೆ.

ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಈ ಹತ್ತು ದಿನ ನನ್ನನ್ನು ಕೂರಲೂ ಮಲಗಲೂ ಬಿಡದೆ ಅಟ್ಟಿದ್ದು ಬೇರೆ. ನಿನಗೆ ಓದಲು ಬರುವುದಿಲ್ಲ ಎಂದು ಅವರಿಗೆ ಗೊತ್ತು. ಯಾರೋ ಓದಿ ಹೇಳಬೇಕು. ಆ ಚೀಟಿಯೊಂದನ್ನು ಮಾತ್ರ ನೀನೇ ನೋಡಿ ತಿಳಿಯಬಹುದಿತ್ತು. ಮೂವತ್ತೊಂದು ವರ್ಷಕ್ಕೆ ಅವರು ನಿನಗೊಬ್ಬಳಿಗೇ ಹೇಳಿದ ಮಾತು ಅದು. ಅದನ್ನು ನಾನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ.

ಕಾಗದದೊಳಗೆ ಏನಿತ್ತೋ ನನಗೆ ಗೊತ್ತಿಲ್ಲ. ಬರುತ್ತೇನೆ ಎಂದಿತ್ತೋ, ಬರಲಾರೆ ಎಂದಿತ್ತೋ. ನಾಲೆಗೆ ಹೋದದ್ದು ಹೋಯಿತು, ಅದನ್ನು ತಂದುಕೊಡಲು ನನ್ನಿಂದ ಆಗದು. ಆದರೆ ಮುದ್ರೆಯಲ್ಲಿ ಊರಿನ ಹೆಸರು ಸ್ಪಷ್ಟವಾಗಿದೆ, ತಾರೀಖು ಹೋದ ತಿಂಗಳದ್ದು. ಆ ದಿನ ಅವರು ಬದುಕಿದ್ದರು, ನಿನ್ನ ಹೆಸರನ್ನು ತಮ್ಮ ಕೈಯಾರೆ ಬರೆದಿದ್ದರು. ಆ ಊರಿಗೆ ಇವತ್ತೇ ನಾಲ್ಕು ಸಾಲು ಬರೆದಿಟ್ಟಿದ್ದೇನೆ. ನೀನು ಹೆಬ್ಬೆಟ್ಟು ಒತ್ತಿದರೆ ಕಳಿಸುತ್ತೇನೆ.

ಇದನ್ನೆಲ್ಲ ಬಾಯಿಯಲ್ಲೇ ಹೇಳಬಾರದಿತ್ತೇ ಅನ್ನುತ್ತೀಯ. ಎರಡು ಸಲ ನೋಡಿದೆನಲ್ಲ ದೊಡ್ಡವ್ವ, ನನ್ನ ಸ್ವಂತ ಮಾತು ಗಂಟಲಲ್ಲೇ ಸಾಯುತ್ತದೆ. ಆದರೆ ಕಾಗದದಲ್ಲಿ ಇರುವುದನ್ನು ನಾನು ಯಾವತ್ತೂ ನುಂಗಿಲ್ಲ. ಎಂಥ ಕೆಟ್ಟ ಸುದ್ದಿಯನ್ನೂ ಒಂದಕ್ಷರ ಬಿಡದೆ ಓದಿದ್ದೇನೆ. ಅದಕ್ಕೇ ಬರೆದೆ. ನಾಳೆ ಹೊತ್ತು ಹುಟ್ಟುವ ಮೊದಲೇ ಬಂದು, ನಂಟರೆಲ್ಲರ ಎದುರಿಗೆ, ನಿನ್ನ ಜಗುಲಿಯ ಮೇಲೆ ನಿಂತು ಇದನ್ನು ಓದುತ್ತೇನೆ. ನೀನು ಇದನ್ನು ಕೇಳುತ್ತಿದ್ದೀಯ ಎಂದರೆ, ಈಗ ಓದುತ್ತಿದ್ದೇನೆ. ಚಿಕ್ಕಬೋರಯ್ಯ ಹೊಡೆಯುವುದಾದರೆ ಕೊನೆಯ ಸಾಲು ಮುಗಿಯುವವರೆಗೆ ತಡೆಯಲಿ.

ಚೀಟಿಯನ್ನು ಕೆಳಗೆ ಅಂಟಿಸಿದ್ದೇನೆ. ಮರ ನೋಡು, ಕಾಯಿ ನೋಡು. ಕಾಗದದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದೇನೆ, ಅದನ್ನೂ ನೋಡು. ಇನ್ನು ಯಾರು ಕರೆದರೂ ನಾಲೆಯ ದಡಕ್ಕೆ ಹೋಗಬೇಡ. ಕೈಯನ್ನು ಸೆರಗಿನೊಳಗೆ ಎಳೆದುಕೋ ದೊಡ್ಡವ್ವ. ಆ ಬಳೆ ನಿನ್ನವು, ನಿನ್ನ ಕೈಯಲ್ಲೇ ಇರಲಿ.

ನಿನ್ನ ಬೈಗುಳಕ್ಕೆ ಕಾದು ನಿಂತಿರುವ,
ಅಂಕಯ್ಯ