ಮೆದೆ ಹಿಂದೆ ಮಲಗಿದ್ದ ಚಿಕ್ಕಪ್ಪ

ಮಾರ್ಚ್ ೧೪, ಶುಕ್ರವಾರ

ಚಿಕ್ಕಪ್ಪ ಮುನಿಸಿಕೊಂಡರೆ ಅವರ ಅಟ್ಟದಲ್ಲಿರುವ ಅಜ್ಜಿಯ ಉಳಿದ ಡೈರಿಗಳು, ಮುತ್ತಜ್ಜನ ಕಾಗದಗಳು ಎಲ್ಲ ಗೆದ್ದಲಿನ ಪಾಲು. ಆದರೂ ಮನೆಯವರ ಗ್ರೂಪಿಗೆ ಇವತ್ತು, ನಾನು ಸ್ಕ್ಯಾನ್ ಮಾಡುತ್ತಿರುವ ಅಜ್ಜಿಯ ಡೈರಿಯ ಈ ಸಾಲು ಹಾಕಿಯೇಬಿಟ್ಟೆ: "ಕೊಯ್ಲಿನ ದಿನ ಕಿರಿಯವನು ಮೆದೆ ಹಿಂದೆ ಮಲಗಿದ್ದ. ಎಬ್ಬಿಸಿದರೆ, ಕಾವಲು ಕಾಯ್ತಿದ್ದೀನಿ ಅಂದ."

ಕಿರಿಯವನು ಅಂದರೆ ಚಿಕ್ಕಪ್ಪ. ಎಲ್ಲರೂ ನಗುವ ಇಮೋಜಿ ಸುರಿದರು. ಚಿಕ್ಕಪ್ಪ ಫೋನೇ ಮಾಡಿದರು.

"ನನ್ನ ಮಾನ ಹರಾಜು ಹಾಕ್ತೀಯೇನೇ? ತೆಗಿ ಅದನ್ನ."

"ತೆಗೆಯಲ್ಲ ಚಿಕ್ಕಪ್ಪ. ಬೈದಿದ್ದೆಲ್ಲ ತೆಗೆದ್ರೆ ಅಜ್ಜಿ ಎಲ್ಲಿ ಉಳೀತಾಳೆ?"

ಚಿಕ್ಕಪ್ಪ ಮೆಲ್ಲಗೆ ಕೇಳಿದರು, "ಮಾರನೇ ದಿನ ಏನ್ ಬರ್ದಿದ್ದಾಳೆ ಅಮ್ಮ?"

"ಈ ಡೈರಿ ಅಲ್ಲಿಗೇ ಮುಗೀತು. ಮುಂದಿನದು ನಿಮ್ಮ ಅಟ್ಟದಲ್ಲಿದೆ."

"ಭಾನುವಾರ ಬಾ. ಏಣಿ ನಾನ್ ಹಿಡ್ಕೊಳ್ತೀನಿ."

ಅಮ್ಮ ಬರೆದದ್ದನ್ನು ಓದುವ ಆಸೆಯ ಮುಂದೆ ಅವರ ಮುನಿಸು ನಿಲ್ಲೋದಿಲ್ಲ ಅಂತ ನನಗೆ ಗೊತ್ತಿತ್ತು. ಒಂದು ಪುಟವನ್ನೂ ಬಿಡದೆ ಸ್ಕ್ಯಾನ್ ಮಾಡುತ್ತೇನೆ. ಅಜ್ಜಿ ಇನ್ನೂ ಯಾರ್ಯಾರಿಗೆ ಬೈದಿದ್ದಾಳೋ, ಅಪ್ಪನಿಗಂತೂ...