ಆ ಇಂಜೆಕ್ಷನ್ ನಿಲ್ಲಿಸು

ವಾಸಾ, ಮಾರ್ಚ್ ೪

ಪ್ರೀತಿಯ ಅಳಿಯ ಓಸ್ಕರಿ,

ನನ್ನ ಕೈ ನಡುಗುವುದಕ್ಕೆ ಕುಡಿತ ಕಾರಣವೆಂದು ಊರವರು ಅಂದಾಗ ನಾನೂ ಹೂಂ ಅಂದಿದ್ದೆ. ಅದು ಸುಳ್ಳು. ನನ್ನ ಒಂದು ಜೀನಿನಲ್ಲಿ ಒಂದು ತುಣುಕು ಇರಬೇಕಾದ್ದಕ್ಕಿಂತ ಹೆಚ್ಚು ಸಲ ಪುನರಾವರ್ತನೆಯಾಗಿದೆ. ಹಾಗಾಗಿ ಗಂಡು ಹಾರ್ಮೋನಿನ ಸಂದೇಶ ನರಕೋಶದೊಳಗೆ ಎಡವಟ್ಟಾಗಿ, ಸ್ನಾಯು ಆಡಿಸುವ ನರಗಳೇ ಸಾಯುತ್ತಿವೆ. ಇದು ತಾಯಿಯಿಂದ ಮಗನಿಗೆ ಬರುತ್ತದೆ. ನಮ್ಮಮ್ಮನಿಂದ ನನಗೆ ಬಂದಂತೆ, ನನ್ನ ತಂಗಿಯಾದ ನಿನ್ನಮ್ಮನ ಮೂಲಕ ನಿನಗೂ ಬಂದಿರಬಹುದು.

ತೋಳು ದಪ್ಪವಾಗಲೆಂದು ನೀನು ಜಿಮ್‌ನಲ್ಲಿ ಚುಚ್ಚಿಸಿಕೊಳ್ಳುವುದು ಅದೇ ಹಾರ್ಮೋನು. ಇಂದೇ ನಿಲ್ಲಿಸು, ರಕ್ತ ಪರೀಕ್ಷೆ ಮಾಡಿಸು.

ನಿನ್ನಮ್ಮನಿಗೆ ನಿನ್ನೆ ಹೇಳಿದೆ.

"ಹಂಗಾದ್ರೆ ಅವನಿಗೆ ನಾನೇ ಕೊಟ್ಟಿದ್ದೇನಣ್ಣ?" ಅಂದಳು.

"ನಮ್ಮಮ್ಮ ನಂಗೆ ಬೇಕಂತ ಕೊಟ್ಳೇನೇ, ಹೆಲ್ವಿ?" ಅಂದೆ.

ಅವಳು ಕಾಫಿ ಮುಟ್ಟದೆ ಎದ್ದುಹೋದಳು.

ಆಸ್ಪತ್ರೆಗೆ ಹೋಗುವ ಮೊದಲು ಅವಳಿಗೆ ಫೋನ್ ಮಾಡು. ಸಿಟ್ಟಿದ್ದರೆ ನನ್ನ ಮೇಲಿರಲಿ. ಹತ್ತು ವರ್ಷ ಮುಚ್ಚಿಟ್ಟವನು ನಾನು.

ನಿನ್ನ ಮಾವ,
ತೈಸ್ತೊ