ಲಂಬೂನ ಪಾಲಿನ ಚೀಟಿಗಳು

ಮಾರ್ಚ್ ೧೧, ಮಂಗಳವಾರ

ನಾಳೆ ಬೆಳಿಗ್ಗೆ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನಮ್ಮ ಪುಸ್ತಕದ ಕಪಾಟು ತೆರೆಯಬೇಕು. ಎಂ.ಎ. ತರಗತಿಯ ಈ ಯೋಜನೆಗೆ ನಾನೇ ನಾಯಕಿ. ಪುಸ್ತಕಗಳಿಗೆ ಅಂಟಿಸುವ ಚೀಟಿ ಬರೆಯುವುದು ನಮ್ಮ ತಂಡದ ಉದ್ದನೆಯ ಹುಡುಗ ಲಂಬೂನ ಪಾಲು. ಅವನ ಅಕ್ಷರ ಸೊಟ್ಟಗಿದೆಯೆಂದು ಹೇಳಲು ಬಾಯಿ ಬರದೆ, ನಿನ್ನೆ ಅಷ್ಟನ್ನೂ ನಾನೇ ಮತ್ತೆ ಬರೆದಿಟ್ಟೆ. ಇವತ್ತು ತರಗತಿಯಲ್ಲಿ ಅವನ ಕೈಗೆ ಸಿಕ್ಕಿಬಿದ್ದೆ.

"ಎಲ್ಲಾ ನೀನೇ ಮಾಡೋದಾದ್ರೆ ನಾವ್ಯಾಕೆ ತಾಯಿ, ಚಪ್ಪಾಳೆ ತಟ್ಟೋಕಾ?" ಎಂದ. ಎಲ್ಲರೂ ನಕ್ಕರು. ಪಾಠ ಮಾಡುವ ಮೇಡಂ ನಗಲಿಲ್ಲ.

"ಅವನ ಕೈಲೇ ಬರೆಸಮ್ಮ. ಮಾಡಿದ್ದಕ್ಕಲ್ಲ, ಮಾಡಿಸಿದ್ದಕ್ಕೆ ನಿನಗೆ ಅಂಕ."

ಖಾಲಿ ಚೀಟಿಗಳನ್ನು ಅವನ ಕೈಗಿಟ್ಟು, "ಸ್ವಲ್ಪ ದುಂಡಗೆ ಬರಿ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಬೆವರಿಬಿಟ್ಟೆ.

ಈಗ ಫೋನಿನಲ್ಲಿ ಕೇಳಿದರೆ, "ಅರ್ಧ ಆಗಿದೆ, ನೀನು ಮಲಕ್ಕೋ" ಎನ್ನುತ್ತಾನೆ. ಅರ್ಧವೆಂದರೆ ಎಷ್ಟು? ಕೇಳಬಾರದು. ಅವನನ್ನು ನಂಬಿ ಮಲಗುವುದಷ್ಟೇ ಈಗ ನನ್ನ ಕೆಲಸ. ಮಲಗುತ್ತೇನೆ. ಆದರೆ ನಾಳೆ ಅವನೇನಾದರೂ... ಇಲ್ಲ, ಪೆನ್ನು ಮುಚ್ಚುತ್ತೇನೆ.